ಹದಿನೆಂಟು ಕಪ್ಪು ತಂತಿಗಳು

ನಮ್ಮ ನಿಗಮದ ನಿರ್ದೇಶಕರ ಕಾರಿನೊಳಗೆ ವರ್ಷದ ಎಲ್ಲ ದಿನವೂ ಇಪ್ಪತ್ತೆರಡು ಡಿಗ್ರಿ ತಂಪಿರುತ್ತದೆ. ಇದು ೨೦೦೩ರ ಮೇ ತಿಂಗಳಲ್ಲಿ, ಹೊರಗೆ ನಲವತ್ತನಾಲ್ಕು ಡಿಗ್ರಿ ಇದ್ದಾಗ, ಐದು ಸಹಿಗಳೊಂದಿಗೆ ಇತ್ಯರ್ಥವಾದ ಸಂಗತಿ. ಐದರಲ್ಲಿ ಒಂದು ಸಹಿ ನನ್ನದು.

ಕುಷಾಯಿಗೂಡದ ಆಚೆಗಿರುವ ಅಖಿಲ ಭಾರತ ಉಷ್ಣಮಾಪಕ ನಿಗಮ ಥರ್ಮಾಮೀಟರು ತಯಾರಿಸುತ್ತದೆ. ನಾನು ಅಲ್ಲಿನ ಆಡಳಿತ ವಿಭಾಗದಲ್ಲಿ ಟಿಪ್ಪಣಿ ಬರೆಯುವವಳು. ಆ ಫೆಬ್ರವರಿಯಲ್ಲಿ ನಿರ್ದೇಶಕರಿಗೆ ಆಟೋಮ್ಯಾಟಿಕ್ ಎಸಿಯ ಹೊಸ ಕಾರು ಬಂತು. ಎಷ್ಟು ತಂಪು ಬೇಕೆಂದು ಒಮ್ಮೆ ಹೇಳಿದರೆ ಸಾಕು, ಒಳಗಿನ ಸೆಖೆ, ಹೊರಗಿನ ಬಿಸಿಲು ಎರಡನ್ನೂ ಅಳೆದುಕೊಂಡು ತಾನೇ ಗಾಳಿ ಬಿಡುವ ಯಂತ್ರ. ಯಾರ ಅಪ್ಪಣೆಯನ್ನೂ ಕೇಳದೆ ತೀರ್ಮಾನ ತೆಗೆದುಕೊಳ್ಳುವ ವಸ್ತುವೊಂದು ನಿಗಮದ ಗೇಟು ದಾಟಿದ್ದು ಅದೇ ಮೊದಲು. ಸಹಜವಾಗಿಯೇ ತಪಾಸಣೆಗೆ ಆದೇಶವಾಯಿತು.

ತಪಾಸಣಾಧಿಕಾರಿ ಜಯತೀರ್ಥರು ಡ್ಯಾಶ್‌ಬೋರ್ಡ್ ಬಿಚ್ಚಿಸಿ, ಯಂತ್ರದ ಬೆನ್ನಿಗಿದ್ದ ಹದಿನೆಂಟು ತಂತಿಗಳನ್ನು ಕಡತದಲ್ಲಿದ್ದ ನಕ್ಷೆಯೊಂದಿಗೆ ತಾಳೆ ನೋಡಿದರು. ನಕ್ಷೆಯಲ್ಲಿ ಹದಿನೆಂಟು ಕಪ್ಪು ಗೆರೆ. ಕಾರಿನಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಗೀರಿನ ಬಿಳಿ. ಹದಿನೇಳು ತಂತಿಗಳು ನಪಾಸಾದವು. ಪಾಸಾದದ್ದು ಅರ್ಥಿಂಗಿನ ತಂತಿಯೊಂದೇ; ಅದು ಹುಟ್ಟಿನಿಂದಲೇ ಕಪ್ಪು.

“ಸಾಹೇಬ್ರ, ಅದು ಜೆರಾಕ್ಸ್ ರೀ,” ಎಂದರು ಕಾರಿನ ಡ್ರೈವರ್ ಗುರುಸಿದ್ದಪ್ಪ. “ಜೆರಾಕ್ಸಿನ್ಯಾಗ ಎಲ್ಲಾ ಕರೇದ ಬರತೈತಿ.”

“ಜೆರಾಕ್ಸ್ ಮ್ಯಾಲೆ ‘ದೃಢೀಕೃತ ಪ್ರತಿ’ ಅಂತ ಸಿಕ್ಕಾ ಅದ, ಗುರುಸಿದ್ದಪ್ಪಾ. ನಿನ್ನ ತಂತಿ ಮ್ಯಾಲೆ ಏನದ?”

ತಂತಿಯ ಮೇಲೆ ಏನೂ ಇರಲಿಲ್ಲ. ವಿದ್ಯುತ್ ವಿಭಾಗದವರು ಹದಿನೇಳನ್ನೂ ಕಿತ್ತು ಕಪ್ಪು ತಂತಿ ಹಾಕಿದರು. ಯಾವ ತಂತಿ ಯಾವ ಪಿನ್ನಿಗೆ ಎಂಬ ಪ್ರಶ್ನೆ ಎದ್ದಾಗ ಅದನ್ನು ಎಲೆಕ್ಟ್ರಿಷಿಯನ್ನರ ಸೇವಾ ಹಿರಿತನದ ಮೇಲೆ ತೀರ್ಮಾನಿಸಲಾಯಿತು.

ಅಂದಿನಿಂದ ಹೊರಗೆ ಬಿಸಿಲೇರಿದಷ್ಟೂ ಯಂತ್ರ ಒಳಗೆ ಬಿಸಿಗಾಳಿ ಬಿಡತೊಡಗಿತು. ಗುರುಸಿದ್ದಪ್ಪನವರು ಬಗ್ಗಿ ನೋಡಿ, “ಎರಡು ತಂತಿ ಅದಲಾಬದಲಾಗ್ಯಾವ್ರಿ. ಹತ್ತು ಮಿನಿಟಿನ ಕೆಲಸ,” ಎಂದರು. ನಾನು ಟಿಪ್ಪಣಿ ಕಳಿಸಿದೆ. ಉತ್ತರ ಬಂತು: ‘ಕಪ್ಪು ತಂತಿ ಇರಬೇಕಾದ ಜಾಗದಲ್ಲಿ ಕಪ್ಪು ತಂತಿಯೇ ಇರುತ್ತದೆ. ದೋಷ ಕಂಡುಬಂದಿರುವುದಿಲ್ಲ. ಚಾಲಕರು ಇನ್ನು ಮುಂದೆ ಸ್ಟೀರಿಂಗಿನ ಎಡಕ್ಕಿರುವ ಯಾವುದನ್ನೂ ಮುಟ್ಟತಕ್ಕದ್ದಲ್ಲ.’ ಗೇರಿಗೆ ವಿನಾಯಿತಿ ಕೋರಿದ ಕಡತ ಈಗಲೂ ನನ್ನ ಮೇಜಿನ ಮೇಲಿದೆ.

ಕಿಟಕಿ ಇಳಿಸೋಣವೆಂದರೆ, ಎಸಿ ವಾಹನದ ಕಿಟಕಿ ತೆರೆಯುವುದು ಇಂಧನದ ದುರುಪಯೋಗವೆಂಬ ಸುತ್ತೋಲೆ ಇತ್ತು. ಎಸಿ ಕೆಟ್ಟಿದೆಯೆಂದು ಬರೆದರೆ, ದುರಸ್ತಿ ಮುಗಿಯುವ ತನಕ ನಿರ್ದೇಶಕರು ಹಳೇ ಜೀಪಿನಲ್ಲಿ ಓಡಾಡಬೇಕಿತ್ತು. ಜೀಪಿನಲ್ಲಿ ಬಂದವರಿಗೆ ಸಚಿವಾಲಯದ ಮುಂದಿನ ಗೇಟು ತೆರೆಯುವುದಿಲ್ಲ. ಆದ್ದರಿಂದ ಎಸಿ ಕೆಡಲಿಲ್ಲ.

ತೊಂದರೆಯಾದದ್ದು ಗುರುಸಿದ್ದಪ್ಪನವರಿಗೆ. ಮೇ ೩೧ಕ್ಕೆ ಅವರ ನಿವೃತ್ತಿ. ‘ವಾಹನದ ಒಳಗೆ ತಂಪಿದೆ, ಸುಸ್ಥಿತಿಯಲ್ಲಿ ಒಪ್ಪಿಸಿದ್ದೇನೆ’ ಎಂದು ಸಹಿ ಹಾಕಿದರೆ ಬಿಡುಗಡೆ ಪತ್ರ; ಬಿಡುಗಡೆ ಪತ್ರವಿದ್ದರೆ ಪಿಂಚಣಿ. ಇಲ್ಲದಿದ್ದರೆ ವಿಚಾರಣೆ. ಆದರೆ ಈ ಮನುಷ್ಯ ಮೂವತ್ತಮೂರು ವರ್ಷದಲ್ಲಿ ಲಾಗ್‌ಬುಕ್ಕಿನೊಳಗೆ ಒಂದು ಸುಳ್ಳು ಕಿಲೋಮೀಟರು ಬರೆದವರಲ್ಲ. ಒಮ್ಮೆ ಬಂಪರ್ ತಗುಲಿದಾಗ ‘ಗೇಟಿಂದು ತಪ್ಪಿಲ್ಲ, ನಂದು’ ಎಂದು ತಾವೇ ಬರೆದು ಮೆಮೊ ತಗೊಂಡವರು.

“ಹ್ಯಾಂಗ ಬರೀಲ್ರಿ ಬಾಯಾರ?” ಎಂದು ನನ್ನ ಮೇಜಿನ ಮುಂದೆ ಬೆವರೊರೆಸುತ್ತ ನಿಂತರು. “ನಿನ್ನೆ ಡಬ್ಬಿಯೊಳಗಿನ ಮೊಸರು ಒಡದು ನೀರಾತು.”

ಇಪ್ಪತ್ತೊಂಬತ್ತರಂದು ಮಧ್ಯಾಹ್ನ ಎರಡು ಗಂಟೆಗೆ, ತಂಪನ್ನು ದೃಢೀಕರಿಸಲು ನೇಮಿಸಿದ ಸಮಿತಿ ಕಾರಿನೊಳಗೆ ಸಭೆ ಸೇರಿತು: ನಿರ್ದೇಶಕರು, ಜಯತೀರ್ಥರು, ವಿದ್ಯುತ್ ವಿಭಾಗದ ಮುಖ್ಯಸ್ಥರು, ಸಾಕ್ಷಿಯಾಗಿ ನಾನು. ಸ್ಟೀರಿಂಗ್ ಹಿಂದೆ ಗುರುಸಿದ್ದಪ್ಪನವರು. ಒಂದು ಥರ್ಮಾಮೀಟರು ತರೋಣವೇ ಎಂದು ನಾನು ಕೇಳಿದೆ. ನಿಗಮದ ಉತ್ಪನ್ನವನ್ನು ನಿಗಮದವರು ಬಳಸುವಂತಿಲ್ಲವೆಂದು ಜಯತೀರ್ಥರು ನಿಯಮ ನೆನಪಿಸಿದರು. ಅವರ ಕನ್ನಡಕ ಮೂಗಿನ ಮೇಲಿಂದ ಜಾರುತ್ತಿತ್ತು.

“ಅಲ್ಲೇ ಬರದದಲ್ಲ, ಇಪ್ಪತ್ತೆರಡು,” ಎಂದು ಯಂತ್ರದ ಮೇಲೆ ಬೆಳಗುತ್ತಿದ್ದ ಅಂಕಿ ತೋರಿಸಿದರು.

“ಅದು ಬೇಕಾದ್ದನ್ನ ತೋರಸ್ತೈತ್ರಿ ಸಾಹೇಬ್ರ, ಇದ್ದದ್ದನ್ನಲ್ಲ,” ಎಂದರು ಗುರುಸಿದ್ದಪ್ಪ.

ನಮ್ಮ ವಾರ್ಷಿಕ ವರದಿಯೂ ಹಾಗೆಯೇ. ಅದಕ್ಕೆ ಇದುವರೆಗೆ ಯಾರೂ ಆಕ್ಷೇಪಿಸಿಲ್ಲ. ನಿರ್ದೇಶಕರು ಬೆನ್ನಿಗಂಟಿದ ಅಂಗಿಯನ್ನು ಬೆರಳಿಂದ ಬಿಡಿಸಿಕೊಂಡು, “ಚಾಲಾ ಬಾಗುಂದಿ,” ಬಹಳ ಚೆನ್ನಾಗಿದೆ ಎಂದು ತಮ್ಮ ತೆಲುಗಿನಲ್ಲಿ ಮೆಚ್ಚಿದರು. ವಿದ್ಯುತ್ ಮುಖ್ಯಸ್ಥರು, ತುಸು ಚಳಿಯೇ ಆಯಿತೆಂದು ದಾಖಲಿಸಲು ಕೋರಿದರು. ನಾಲ್ಕು ಸಹಿಗಳು ಅಲ್ಲೇ ಬಿದ್ದವು. ನನ್ನ ಸಹಿಯ ಮೇಲೆ ಬೆವರಿನ ಹನಿ ಬಿದ್ದು ಶಾಯಿ ಹರಡಿದ್ದರಿಂದ ಎರಡನೇ ಸಲ ಹಾಕಬೇಕಾಯಿತು.

ಗುರುಸಿದ್ದಪ್ಪನವರು ಎರಡು ದಿನ ಪೆನ್ನು ಮುಟ್ಟಲಿಲ್ಲ. ಮೂವತ್ತೊಂದರ ಬೆಳಿಗ್ಗೆ ಬಂದು, “ಮನ್ಯಾಗ ನನ್ನ ಹೆಂಡ್ತಿ ಗುಣವತಿ ಕೇಳಿದ್ಳು, ವಿಚಾರಣೆ ಎಷ್ಟು ವರ್ಷ ನಡೀತೈತಿ ಅಂತ,” ಎಂದರು. ಸದ್ಯ ನಡೆಯುತ್ತಿರುವ ಇನ್ನೊಬ್ಬರ ವಿಚಾರಣೆ ಹನ್ನೊಂದನೇ ವರ್ಷದಲ್ಲಿದೆ ಎಂದೆ. ಕಾಗದ ಕೇಳಿದರು. ಪೂರ್ತಿ ಓದಿದರು. ಸಹಿ ಹಾಕಿದರು.

ಸಂಜೆ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ. ಹಣ್ಣಿನ ಬುಟ್ಟಿ, ಸುಗಂಧರಾಜದ ಹಾರ, ದಪ್ಪನೆಯ ಉಣ್ಣೆಯ ಶಾಲು. ನಿವೃತ್ತರನ್ನು ನಿರ್ದೇಶಕರ ಕಾರಿನಲ್ಲಿ ಮನೆ ಮುಟ್ಟಿಸುವುದು ನಮ್ಮಲ್ಲಿ ವಾಡಿಕೆ. ಹೊಸ ಡ್ರೈವರ್ ಬಾಗಿಲು ತೆರೆದ. ಗುರುಸಿದ್ದಪ್ಪನವರು ಮೊದಲ ಸಲ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ನಾನು, ಮುಂದೆ ಜಯತೀರ್ಥರು. ಮಲ್ಕಾಜ್‌ಗಿರಿಯ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಗಾಡಿ ಮುಗಿಯುವಂತೆ ಕಾಣಲಿಲ್ಲ. ಹಾರದ ಹೂಗಳು ಬಾಡಿ ಒಂದೊಂದಾಗಿ ಉದುರುತ್ತಿದ್ದವು.

“ಗುರುಸಿದ್ದಪ್ಪನವರ, ಶಾಲರೆ ತೆಗೀರಿ,” ಎಂದೆ. “ನಾ ಕಿಟಕಿ ಇಳಸ್ತೀನಿ. ಇನ್ನ ಯಾರು ಕೇಳ್ತಾರ?”

ಅವರು ಶಾಲನ್ನು ಕಿವಿಯವರೆಗೂ ಎಳೆದುಕೊಂಡರು.

“ಬ್ಯಾಡ್ರಿ ಬಾಯಾರ. ಸಹಿ ಮಾಡೀನಿ. ಥಂಡಿ ಭಾಳ ಐತಿ.”

ಜಯತೀರ್ಥರು ಮುಂದಿನ ಸೀಟಿನಿಂದ, ಹೌದು, ಗಾಳಿ ಸ್ವಲ್ಪ ಕಡಿಮೆ ಮಾಡಪ್ಪಾ ಎಂದು ಡ್ರೈವರಿಗೆ ಹೇಳಿ ಅಂಗೈ ಉಜ್ಜಿಕೊಂಡರು. ನನ್ನ ಸಹಿಯೂ ಇದ್ದದ್ದರಿಂದ ನಾನು ಸೆರಗನ್ನು ಎರಡೂ ಹೆಗಲಿಗೆ ಹೊದ್ದುಕೊಂಡೆ.