ಕೆಟ್ಟ ಚಿಪ್ ಬೇಕಾಗ್ಯಾವ್ರಿ

ಛಲೋದನ್ನ ಹುಡುಕೂ ಮಂದಿಗೆ ಹೆಂಗೋ ಒಂದು ದಾರಿ ಸಿಗತೈತಿ. ನನ್ನ ಹಣಿಬರದಾಗ ಕೆಟ್ಟದ್ದನ್ನ ಹುಡುಕೂ ಕೆಲಸ ಬರದಿತ್ತು ನೋಡ್ರಿ, ಅದಕ್ಕ ವಾರಕ್ಕೊಂದು ಫಜೀತಿ ತಪ್ಪಲಿಲ್ಲ. ಕುಷ್ಟಗಿಯಿಂದ ದಿನಾ ಬಸ್ ಹಿಡದು ಕೊಪ್ಪಳದ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿ, ಎಲೆಕ್ಟ್ರಾನಿಕ್ ಚಿಪ್ ಕೆಟ್ಟೈತೋ ಛಲೋ ಐತೋ ಪರೀಕ್ಷೆ ಮಾಡೂ ವಿಷಯ ಕಲಸ್ತಿದ್ದೆ. ಅತಿಥಿ ಉಪನ್ಯಾಸಕ ಅಂತ ಹೆಸರು, ಕುಂದ್ರಾಕ ಕುರ್ಚಿ ಇಲ್ಲ. ಹತ್ತು ಮಂದಿ ವಿದ್ಯಾರ್ಥಿಗಳು. ವಿಭಾಗದ ಮುಖ್ಯಸ್ಥರು ಮೊದಲ ದಿನಾನ ಹೇಳಿಬಿಟ್ರು:

"ರಿಸಲ್ಟ್ ಬರಲಿಲ್ಲಂದ್ರ ಮುಂದಿನ ವರ್ಷ ನಿಮ್ಮ ವಿಷಯಾನೂ ಇಲ್ಲ, ನೀವೂ ಇಲ್ಲ."

೧. ಕಾಲಮ್ ಇಲ್ರಿ

ಕೆಟ್ಟದ್ದನ್ನ ಹಿಡಿಯೂದು ಕಲಸಬೇಕಂದ್ರ ಮೊದಲ ಕೆಟ್ಟದ್ದು ಕೈಯಾಗ ಇರಬೇಕಲ್ಲ. ಖರೀದಿ ವಿಭಾಗಕ್ಕ ಅರ್ಜಿ ಕೊಟ್ಟೆ: "ಹತ್ತು ಕೆಟ್ಟ ಚಿಪ್ ಬೇಕಾಗ್ಯಾವ."

ಗುಮಾಸ್ತರು ಚಷ್ಮಾ ಮ್ಯಾಲೆ ಮಾಡಿ ನನ್ನನ್ನ ಮ್ಯಾಲಿಂದ ಕೆಳಗ ನೋಡಿದ್ರು. "ಮೈಯಾಗ ಆರಾಮ ಅದೀರಿಲ್ಲೋ? ಕೆಟ್ಟ ಮಾಲು ತರಸಾಕ ಫೈಲಿನ್ಯಾಗ ಕಾಲಮ್ ಇಲ್ರಿ."

"ಹಂಗಾರ ಏನ್ ಮಾಡ್ಲಿ ಸರ್?"

"ಛಲೋವು ಅಂತ ಬರೀರಿ. ಗಂಗಾವತಿ ಅಂಗಡಿಯಿಂದ ತರಸೂಣು. ಬರೂವಾಗ ಅವು ತಾವಾ ಕೆಟ್ಟಿರ್ತಾವ."

ಬಂದ್ವು. ನನ್ನ ದೈವಕ್ಕ ಒಂದೂ ಕೆಟ್ಟಿರಲಿಲ್ಲ.

೨. ಪಾಸ್ ಮಷಿನ್

ಲ್ಯಾಬಿನ್ಯಾಗ ಚಿಪ್ ಪರೀಕ್ಷೆ ಮಾಡೂ ಮಷಿನ್ ಒಂದಿತ್ತು. ಏನ್ ಹಾಕಿದ್ರೂ 'ಪಾಸ್' ಅಂತಿತ್ತು. ಸುಟ್ಟ ಚಿಪ್ ಹಾಕಿದೆ, ಪಾಸ್. ಏನೂ ಹಾಕದ ಗುಂಡಿ ಒತ್ತಿದೆ, ಆವಾಗೂ ಪಾಸ್! ತಲಿಕೆಟ್ಟು ಮಾರಿದಾತಗ ಫೋನ್ ಹಚ್ಚಿದೆ.

"ಸರ್, ಮೊದಲ ಕೊಟ್ಟ ಮಷಿನ್ ಫೇಲ್ ತೋರಸ್ತಿತ್ರಿ," ಅಂದ ಆತ. "ಮಷಿನ್ ಸರಿ ಇಲ್ಲ ಅಂತ ನಿಮ್ಮ ಕಾಲೇಜಿನವರಾ ವಾಪಸ್ ಕಳಿಸಿದ್ರು. ಇದಕ್ಕ ಒಬ್ಬರೂ ಕಂಪ್ಲೇಂಟ್ ಮಾಡಿಲ್ರಿ."

೩. ಅಟೆಂಡರ್ ಕಾಕಾನ ಡಬ್ಬಿ

ಹುಡುಗರು ತಪ್ಪು ವೈರ್ ಹಚ್ಚಿ ದಿನಾ ಒಂದೆರಡು ಚಿಪ್ ಸುಡತಿದ್ರು. ಅವನ್ನಾರ ಕೂಡಿಸಿಟ್ಟರಾತು ಅಂತ ಲ್ಯಾಬಿನ ಚಿಪ್ ಡಬ್ಬಿ ತಗದು ನೋಡಿದ್ರ ಎಲ್ಲಾ ಫಳಫಳ ಹೊಸಾವು. ನಮ್ಮ ಲ್ಯಾಬ್ ಅಟೆಂಡರ್ ಕಾಕಾ, ನಿವೃತ್ತಿಗೆ ಬಂದ ಮನಶ್ಯಾ, ಎದಿ ಉಬ್ಬಿಸಿ ನಿಂತ.

"ಒಂದೂ ಕೆಟ್ಟದ್ದು ಇಡಂಗಿಲ್ರಿ ಸರ್. ಅವತ್ತಿಂದು ಅವತ್ತ ಕಸದ ಬುಟ್ಟಿಗೆ ಒಗದುಬಿಡ್ತೀನಿ."

ಇಂಥಾ ಶಿಸ್ತಿನ ಮನಶ್ಯಾನ್ನ ಬೈಯೂದು ಹೆಂಗ? ಅಳೂದೊಂದು ಬಾಕಿ ಇತ್ತು ನನಗ.

೪. ಆರನೇ ಕಾಲು

ಪ್ರಾಕ್ಟಿಕಲ್ ಪರೀಕ್ಷೆ ಬಂತು. ಕೆಟ್ಟ ಚಿಪ್ ಕೊಡೂದು, ಅದರ ಯಾವ ಕಾಲು, ಅಂದ್ರ ಪಿನ್, ಕೆಟ್ಟೈತಿ ಅಂತ ಹುಡುಗರು ಕಂಡುಹಿಡಿಯೂದು. ನೌಕರಿ ಉಳಿಸ್ಕೋಬೇಕಲ್ರಿ, ಒಂದು ಕಳ್ಳತನ ಮಾಡಿದೆ. ಕ್ಲಾಸಿನ್ಯಾಗ ನಾನಾ ಒಂದು ಚಿಪ್ ಕೆಡಿಸಿ, ಆರನೇ ಕಾಲು ಕೆಟ್ಟಿದ್ದನ್ನ ತೋರಿಸಿದ್ದೆ. ಪರೀಕ್ಷೆಗೂ ಹತ್ತು ಚಿಪ್ಪಿಂದು ಆರನೇ ಕಾಲನ್ನ ಕೆಡಿಸಿ, ಟ್ರೇದಾಗ ಜೋಡಿಸಿಟ್ಟೆ. ಎಂಥಾ ದಡ್ಡನೂ ಪಾಸ್ ಆಗಬೇಕು.

ಹೊರಗಿನ ಪರೀಕ್ಷಕರು ನಾ ಬರದುಕೊಟ್ಟ ಸರಿ ಉತ್ತರ ಹಿಡದು ತಾಳಿ ನೋಡಿದ್ರು. ಒಂಬತ್ತು ಮಂದಿ 'ಆರನೇ ಕಾಲು' ಅಂತ ಬರದಿದ್ರು. ಪೂರ್ತಿ ಅಂಕ. ಹತ್ತನೇದಾಕಿ, ಯಲಬುರ್ಗಾ ಕಡೆ ಹುಡುಗಿ, 'ಚಿಪ್ ಛಲೋ ಐತಿ' ಅಂತ ಬರದಿದ್ಲು. ಸೊನ್ನಿ.

"ಮೀಟರ್ ಹಚ್ಚಿ ಒಂದೊಂದು ಕಾಲೂ ಮೂರು ಸಲ ನೋಡೀನ್ರಿ ಸರ್," ಅಂತ ಕಣ್ಣಾಗ ನೀರು ತಂದ್ಲು. "ಅದ್ರಾಗ ಏನೂ ಕೆಟ್ಟಿಲ್ರಿ."

ಕಾಕಾನ ಕಡೆ ತಿರುಗಿದೆ. ಆತ ಚಾ ಕಪ್ಪು ಹಿಡಕೊಂಡು ನಗಕೊಂತ ನನ್ನ ಕಿವಿಯಾಗ ಅಂದ:

"ಪರೀಕ್ಷಾ ಅಂದ್ರ ಹುಡುಗರ ಭವಿಷ್ಯ ಅಲ್ಲೇನ್ರಿ ಸರ್? ಟ್ರೇದಾಗ ಯಾರೋ ಕೆಟ್ಟವು ಇಟ್ಟಿದ್ರು. ಎಲ್ಲಾ ತಗದು ಹೊಸಾವು ಇಟ್ಟೀನಿ!"

ಬಾಯಿ ಮುಚ್ಚಿಕೊಂಡಿದ್ರ ನನ್ನ ನೌಕರಿ ಉಳೀತಿತ್ತು. ಆದ್ರ ಖರೇ ಖರೇ ಪರೀಕ್ಷೆ ಮಾಡಿದಾಕಿ ಆಕಿ ಒಬ್ಬಾಕೀನಾ, ಆಕೀನ ಫೇಲ್! ನನಗ ತಡಕೊಳ್ಳಾಕ ಆಗಲಿಲ್ಲ. ಪರೀಕ್ಷಕರಿಗೆ ಎಲ್ಲಾ ಹೇಳಿಬಿಟ್ಟೆ. ಆಕಿ ಪಾಸ್, ಒಂಬತ್ತು ಮಂದಿ ಫೇಲ್, ವಿಷಯ ಬಂದ್.

ಚೀಲ ತುಂಬಕೊಂಡು ಹೊಂಟಾಗ ಕಾಕಾ ಓಡಿ ಬಂದು ಕೈಯಾಗ ಒಂದು ಕಾಗದದ ಪೊಟ್ಟಣ ಇಟ್ಟ.

"ನನ್ನಿಂದ ತಪ್ಪಾತ್ರಿ ಸರ್. ನೀವು ಇಟ್ಟಿದ್ದ ಹತ್ತೂ ಚಿಪ್ ಇದರಾಗ ಅದಾವ, ಈ ಸಲ ಒಗದಿಲ್ಲ. ಆದ್ರ ಅವು ಕೆಟ್ಟಾವ ಅಂತ ಯಾಕ ಅಂತೀರಿ? ನಮ್ಮ ಮಷಿನ್‌ನ್ಯಾಗ ಹಾಕಿ ನೋಡೀನಿ, ಹತ್ತಕ್ಕ ಹತ್ತೂ ಪಾಸ್ ಆಗ್ಯಾವ್ರಿ!"