ಪರವಾನಗಿಗೆ ಬಡಿಸಿದ ಎಲೆ

ನಮ್ಮ ಅಜ್ಜಂದಿರ ಅಜ್ಜಂದಿರಿಗೂ ಹಿಂದೆ ಅಂಕಿತಾವತಿ ಎಂದೊಂದು ರಾಜ್ಯವಿತ್ತು. ನಕ್ಷೆಯಲ್ಲಿ ಹುಡುಕಬೇಡಿ, ಸಿಕ್ಕಿಬಿಟ್ಟರೆ ನನಗೆ ತೊಂದರೆ.

ಅದನ್ನು ಶ್ರೀಮನ್ಮಹಾರಾಜಾಧಿರಾಜ, ಸಕಲಮುದ್ರಾಧೀಶ್ವರ ಪ್ರಸನ್ನವರ್ಮ ಮಹಾಪ್ರಭುಗಳು ಆಳುತ್ತಿದ್ದರು. ಅವರು ಸದಾ ಪ್ರಸನ್ನರು. ಪ್ರಜೆಗಳೂ ಪ್ರಸನ್ನರಾಗಿರತಕ್ಕದ್ದು ಎಂದು ಸುತ್ತೋಲೆ ಇದ್ದುದರಿಂದ ಅವರೂ ಹಾಗೆಯೇ ಇದ್ದರು.

ಆ ರಾಜ್ಯದಲ್ಲಿ ಕಟ್ಟುವ ಕೆಲಸಕ್ಕೆ ಒಂದು ಹಳೆಯ ಪದ್ಧತಿ ಇತ್ತು. ಸೇತುವೆಯನ್ನು ಯಾರು ಬೇಕಾದರೂ ಕಟ್ಟಬಹುದು. ಆದರೆ ಕಮಾನು ಕೂಡಿದ ಮೇಲೆ, ಅದಕ್ಕೆ ಕೆಳಗಿನಿಂದ ಕೊಟ್ಟ ಆಸರೆ ಮರಗಳನ್ನು ಎಳೆಯುವ ದಿನ ಬರುತ್ತದಲ್ಲ, ಆವತ್ತು ಕಟ್ಟಿದ ಮೇಸ್ತ್ರಿ ಅದೇ ಕಮಾನಿನ ಅಡಿಯಲ್ಲಿ ಎಲೆ ಹಾಕಿಸಿಕೊಂಡು ಊಟಕ್ಕೆ ಕೂರಬೇಕು. ಅವನು ಅನ್ನ ಕಲಸುತ್ತಿರುವಾಗ ಊರವರು ಮರ ಎಳೆಯಬೇಕು. ಪಾಯಸದವರೆಗೂ ಉಂಡು ಎದ್ದರೆ ಅವನು ಮೇಸ್ತ್ರಿ. ಏಳದಿದ್ದರೆ ಅವನ ಮಕ್ಕಳು ಬೇರೆ ಕಸುಬು ನೋಡಿಕೊಳ್ಳುತ್ತಿದ್ದರು. ಇದಕ್ಕೆ ಕಮಾನಿನ ಊಟ ಎಂದು ಹೆಸರು. ಅರ್ಜಿ ಇಲ್ಲ, ಶುಲ್ಕ ಇಲ್ಲ, ಇಲಾಖೆ ಇಲ್ಲ, ಇಲಾಖೆಗೆ ಕಾರು ಇಲ್ಲ. ಇಷ್ಟು ಅನಾಗರಿಕವಾದ ವ್ಯವಸ್ಥೆ ತಲೆಮಾರುಗಳಿಂದ ನಡೆದುಬಂದಿತ್ತು ಎಂದರೆ ನೀವು ನಂಬಬೇಕು.

ಒಂದು ವರ್ಷದ ಮಳೆಗೆ ನೊರೆಹೊಳೆಯ ಮೇಲಿನ ಹಳೇ ಸೇತುವೆ ಕೊಚ್ಚಿಹೋಯಿತು. ಹೊಳೆಯ ಈ ದಡದಲ್ಲಿ ಸೂಲಗಿತ್ತಿ ನಿಂಗಾಜಮ್ಮ. ಎರಡೂ ದಡದ ಅರ್ಧ ಜನ ಭೂಮಿಗೆ ಬಂದದ್ದೇ ಅವಳ ಕೈಯಿಂದ. ಆ ದಡದಲ್ಲಿ, ಗಂಡನ ಮನೆಯಲ್ಲಿ, ಅವಳ ಒಬ್ಬಳೇ ಮಗಳು ಪುಟ್ಟಗೌರಿ. ಈಗ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಬಸುರಿಯನ್ನು ಹರಿಗೋಲು ಹತ್ತಿಸಬಾರದು. ಎರಡೂ ಆ ಸೀಮೆಯ ಕಟ್ಟಳೆ. ನಡುವೆ ಹೊಳೆ.

ನಿಂಗಾಜಮ್ಮ ಮೇಸ್ತ್ರಿ ಸಣ್ಣಮೊಗಯ್ಯನ ಮನೆಗೆ ಹೋದಳು.

“ಮೊಗಣ್ಣ, ಮುಂಗಾರು ಹಿಡಿಯೋದ್ರೊಳ್ಗೆ ಒಂದು ಸೇತುವೆ ಏಳಿಸ್ಬುಡು. ಹುಡುಗೀನ ಕರ್ಕೊಂಬರ್ಬೇಕು.”

“ಏಳಿಸ್ತೀನಿ ಕಣಕ್ಕ. ಊಟಕ್ಕೆ ಏನ್ ಮಾಡಿಸ್ತೀಯ, ಅದ್ನ ಹೇಳು ಮೊದ್ಲು. ಹೋದ ಸಲ ಕೂತಾಗ ಬರೀ ಹುರುಳಿಸಾರು ಇಕ್ಕಿದ್ರು. ಕಮಾನು ಬಿದ್ದಿದ್ರೆ, ಹುರುಳಿಸಾರು ಉಂಡು ಸತ್ತ ನನ್ಮಗ ಅನ್ನೋರು.”

“ಗಸಗಸೆ ಪಾಯಸ ಮಾಡಿಸ್ತೀನಿ. ಆಯ್ತಾ?”

“ಹಂಗಾದ್ರೆ ಬೀಳೋ ಮಾತೇ ಇಲ್ಲ ಬುಡು.”

ಅಷ್ಟಕ್ಕೆ ಕೆಲಸ ಶುರುವಾಗಬೇಕಿತ್ತು. ಆದರೆ ಅದೇ ವಾರ ನಿರ್ಮಾಣ ಮಂತ್ರಿ ಧುರಂಧರರು ನೆರೆರಾಜ್ಯದ ಅಧ್ಯಯನ ಪ್ರವಾಸ ಮುಗಿಸಿ, ಅಧ್ಯಯನದ ಆಯಾಸದಿಂದ ಸ್ವಲ್ಪ ದಪ್ಪಗಾಗಿ, ಆಸ್ಥಾನಕ್ಕೆ ಬಂದರು.

“ಪ್ರಭು, ನೆರೆರಾಜ್ಯದಲ್ಲಿ ಪರವಾನಗಿ ಇಲ್ಲದೆ ಗುಬ್ಬಚ್ಚಿಯೂ ಗೂಡು ಕಟ್ಟುವುದಿಲ್ಲ.”

“ನಮ್ಮಲ್ಲಿ?” ಎಂದರು ಮಹಾಪ್ರಭುಗಳು.

“ಹೇಳಲು ನಾಲಿಗೆ ಏಳುತ್ತಿಲ್ಲ ಪ್ರಭು. ನಮ್ಮಲ್ಲಿ ಕಟ್ಟಲು ಬರುವವರೇ ಕಟ್ಟುತ್ತಿದ್ದಾರೆ.”

ಮಹಾಪ್ರಭುಗಳು ಅಂದು ಮೊದಲ ಬಾರಿಗೆ ಅಪ್ರಸನ್ನರಾದರು. ಸಂಜೆಯೊಳಗೆ ‘ಅಂಕಿತಾವತಿ ಗುತ್ತಿಗೆದಾರರ ನೋಂದಣಿ, ಪರವಾನಗಿ ಹಾಗೂ ಶಿಸ್ತು ಶಾಸನ’ ಜಾರಿಗೆ ಬಂತು. ಇನ್ನು ಮುಂದೆ ಪರವಾನಗಿ ಇಲ್ಲದವನು ಕಲ್ಲಿನ ಮೇಲೆ ಕಲ್ಲು ಇಟ್ಟರೆ ಅಪರಾಧ. ಪರವಾನಗಿ ಬೇಕಾದವನು ಪರವಾನಗಿ ಪಡೆದು ಕಟ್ಟಿದ ಅನುಭವ ತೋರಿಸಬೇಕು. ಅವನು ಕಟ್ಟಿದ್ದು ಯಾವುದೂ, ಎಂದೂ, ಎಲ್ಲೂ ಕುಸಿದಿರಬಾರದು, ಬಿರುಕು ಬಿಟ್ಟಿರಬಾರದು. ಶಾಸನದ ಕೊನೆಗೆ ಮಂತ್ರಿಗಳು ಒಂದು ಸಣ್ಣ ಸಾಲು ಸೇರಿಸಿದ್ದರು: ಪರವಾನಗಿ ಹೊಂದಿದ ಗುತ್ತಿಗೆದಾರನು ಕಟ್ಟಿದ್ದು ಕುಸಿಯತಕ್ಕದ್ದಲ್ಲ. ಇದನ್ನು ಓದಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕುಸಿತವನ್ನೇ ನಿಷೇಧಿಸಿದ ಮೊದಲ ರಾಜ್ಯ ನಮ್ಮದು ಎಂದು ಆಸ್ಥಾನ ಕವಿಗಳು ಅಲ್ಲಿಯೇ ಒಂದು ಷಟ್ಪದಿ ಕಟ್ಟಿದರು. ಕವಿಗಳಿಗೆ ಪರವಾನಗಿಯಿಂದ ವಿನಾಯಿತಿ ಇತ್ತು.

ಸಣ್ಣಮೊಗಯ್ಯ ಪಂಚೆ ಒಗೆದು ಉಟ್ಟು ರಾಜಧಾನಿಗೆ ಹೋದ. ಅಲ್ಲಿ ಏಕಗವಾಕ್ಷಿ ಎಂಬ ವ್ಯವಸ್ಥೆ ಮಾಡಿದ್ದರು. ಹೆಸರಿಗೆ ತಕ್ಕಂತೆ ಕಿಟಕಿ ಒಂದೇ ಇತ್ತು. ಅದು ಊಟದ ಹೊತ್ತು ಮುಗಿದ ಮೇಲೆ, ಕಾಫಿಯ ಹೊತ್ತಿಗೆ ಮುಂಚೆ, ತೆರೆಯುತ್ತಿತ್ತು. ಒಳಗೆ ನೋಂದಣಾಧಿಕಾರಿ.

“ಪರವಾನಗಿ ಪಡೆದು ಕಟ್ಟಿದ ಅನುಭವ ಇದೆಯೋ?”

“ಪರವಾನಗಿ ಕೇಳಕ್ಕೇ ಬಂದಿವ್ನಿ ಬುದ್ಧಿ.”

“ಅನುಭವ ಇಲ್ಲದವರಿಗೆ ಪರವಾನಗಿ ಇಲ್ಲ.”

“ಪರವಾನಗಿ ಇಲ್ದೆ ಕಲ್ಲು ಮುಟ್ಟಂಗಿಲ್ಲ ಅಂತೀರಿ. ಅನುಭವ ಎಲ್ಲಿಂದ ತರಾನ?”

“ಅದನ್ನು ಅರ್ಜಿದಾರನೇ ನೋಡಿಕೊಳ್ಳಬೇಕು. ಇರಲಿ, ನೀನು ಕಟ್ಟಿದ್ದು ಯಾವುದಾದರೂ ಕುಸಿದದ್ದು ಉಂಟೋ?”

ಸಣ್ಣಮೊಗಯ್ಯ ತಲೆ ಕೆರೆದುಕೊಂಡ. “ನಮ್ಮತ್ತೆ ಮನೆ ಕೊಟ್ಟಿಗೆ ಗೋಡೆ ಒಂದು ಬಿತ್ತು ಬುದ್ಧಿ. ಅತ್ತೆ ಮೇಲಿನ ಸಿಟ್ಟಿಗೆ ಮಣ್ಣು ಸರಿಯಾಗಿ ತುಳೀನಿಲ್ಲ. ನಂದೇ ತಪ್ಪು. ಯಾರಿಗೂ ಏನೂ ಆಗ್ನಿಲ್ಲ. ಎಮ್ಮೆ ಬೆದರ್ತು, ಅಷ್ಟೆ.”

“ಕುಸಿತದ ಪೂರ್ವೇತಿಹಾಸ,” ಎಂದು ಅಧಿಕಾರಿ ಬರೆದುಕೊಂಡು ಕಿಟಕಿ ಮುಚ್ಚಿದ. ಕಾಫಿಯ ಹೊತ್ತಾಗಿತ್ತು.

ರಾಜ್ಯದ ಮೇಸ್ತ್ರಿಗಳೆಲ್ಲರ ಕಥೆಯೂ ಇದೇ ಆಯಿತು. ಕಟ್ಟಿದವರ ಕೆಲಸದಲ್ಲೆಲ್ಲ ಎಲ್ಲಿಯೋ ಒಂದು ಕಡೆ ಬಿರುಕು ಇದ್ದೇ ಇತ್ತು. ಇಡೀ ರಾಜ್ಯವನ್ನು ಜರಡಿ ಹಿಡಿದರೂ ನಿಯಮಕ್ಕೆ ಒಪ್ಪುವವರು ಒಬ್ಬರೇ ಉಳಿದರು. ಅವರೇ ಲಲಿತಾಂಗರು. ಮಹಾಪ್ರಭುಗಳ ಪಕ್ಕದಲ್ಲಿ ತಾಂಬೂಲದ ಪೆಟ್ಟಿಗೆ ಹಿಡಿದು ನಿಲ್ಲುವುದು ಅವರ ಉದ್ಯೋಗ.

“ಇವರು ಕಟ್ಟಿದ ಒಂದೇ ಒಂದು ಕಟ್ಟಡವೂ ಇದುವರೆಗೆ ಬಿರುಕು ಬಿಟ್ಟಿಲ್ಲ ಪ್ರಭು,” ಎಂದರು ಧುರಂಧರರು.

“ಏನೇನು ಕಟ್ಟಿದ್ದಾರೆ?”

“ಏನೂ ಕಟ್ಟಿಲ್ಲ ಪ್ರಭು. ಆದ್ದರಿಂದಲೇ ದಾಖಲೆ ಇಷ್ಟು ಶುಭ್ರವಾಗಿದೆ.”

“ಅನುಭವ?”

“ಬಾಲ್ಯದಿಂದಲೂ ಸುಣ್ಣದ ಕೆಲಸ. ಅದೂ ತಮ್ಮ ಸನ್ನಿಧಾನದಲ್ಲೇ. ಎಲೆಗೆ ಸುಣ್ಣ ಹೆಚ್ಚಾಗಿ ತಮ್ಮ ಬಾಯಿ ಸುಟ್ಟ ಉದಾಹರಣೆ ಇದೆಯೇ?”

ಮಹಾಪ್ರಭುಗಳು ನಾಲಿಗೆಯನ್ನು ಬಾಯೊಳಗೆ ಒಮ್ಮೆ ಸುತ್ತಿಸಿ ನೋಡಿ, ಇಲ್ಲ ಎಂದರು. ಲಲಿತಾಂಗರಿಗೆ ಒಂದನೇ ದರ್ಜೆ ಗುತ್ತಿಗೆದಾರರ ಪರವಾನಗಿ ಸಿಕ್ಕಿತು. ಅದಕ್ಕೆ ಗಾಜು ಹಾಕಿಸಿ ಬಂಗಾರದ ಕಟ್ಟು ಕಟ್ಟಿಸಿದರು. ನೊರೆಹೊಳೆ ಸೇತುವೆಯ ಟೆಂಡರ್ ಕರೆಯಲಾಯಿತು. ಸ್ಪರ್ಧೆ ತೀವ್ರವಾಗಿತ್ತೆಂದೂ ಏಕೈಕ ಸ್ಪರ್ಧಿಯಾದ ಲಲಿತಾಂಗರು ಗೆದ್ದರೆಂದೂ ಪ್ರಕಟಣೆ ಹೊರಟಿತು.

ಪರವಾನಗಿ ಇಲ್ಲದ ಕೈ ಸೇತುವೆ ಮುಟ್ಟುವಂತಿರಲಿಲ್ಲ. ಹಾಗಾಗಿ ಅರಮನೆಯ ಅಡುಗೆಯವರಿಗೇ ಒಂದು ಬೆಳಗಿನ ನೈಪುಣ್ಯ ತರಬೇತಿ ಕೊಟ್ಟು, ಟೋಪಿ ಹಾಕಿಸಿ, ಹೊಳೆಗೆ ಕಳುಹಿಸಿದರು. ಗಾರೆ ಅರೆಯುವುದಕ್ಕೂ ಮಸಾಲೆ ಅರೆಯುವುದಕ್ಕೂ ಮೂಲಭೂತವಾಗಿ ವ್ಯತ್ಯಾಸವಿಲ್ಲವೆಂದು ತಜ್ಞರ ಸಮಿತಿ ವರದಿ ಕೊಟ್ಟಿತ್ತು. ಪಾಪ, ಅಡುಗೆಯವರು ಶ್ರದ್ಧೆಯಿಂದಲೇ ಅರೆದರು. ಒಬ್ಬನು ಅಭ್ಯಾಸಬಲದಿಂದ ಉಪ್ಪನ್ನೂ ಹಾಕಿದನಂತೆ.

ಮಾಗಿ ಕಳೆಯಿತು, ಬೇಸಗೆ ಬಂತು. ಪುಟ್ಟಗೌರಿಗೆ ದಿನ ತುಂಬುತ್ತಾ ಬಂತು. ನಿಂಗಾಜಮ್ಮ ದಡಕ್ಕೆ ಬಂದು, ಕೊಡೆಯ ಕೆಳಗೆ ಕೂತಿದ್ದ ಲಲಿತಾಂಗರಿಗೆ ಕೈಮುಗಿದಳು.

“ಸ್ವಾಮಿ, ಮಳೆ ಬರೋದ್ರೊಳ್ಗೆ ಆಯ್ತದಾ?”

“ಏನಮ್ಮಾ ಹಾಗಂದರೆ? ಬಿಲ್ಲು ಆಗಲೇ ಪಾಸಾಗಿದೆ. ಸೇತುವೆಗೇಕೆ ಅವಸರ?”

ಕೊನೆಗೂ ಕಮಾನು ಕೂಡಿತು. ಆಸರೆ ಮರ ಎಳೆಯುವ ದಿನ ಮಹಾಪ್ರಭುಗಳೇ ಚಿತ್ತೈಸಿದರು. ದಡದಲ್ಲಿ ಶಾಮಿಯಾನ, ಕಹಳೆ, ಸೇತುವೆಗಿಂತ ಗಟ್ಟಿಯಾಗಿ ಕಟ್ಟಿದ್ದ ವೇದಿಕೆ. ಹಗ್ಗ ಹಿಡಿದು ನಿಂತ ಊರವರು ಮಾತ್ರ ಎಳೆಯಲಿಲ್ಲ.

“ಯಾಕೆ ನಿಂತಿರಿ?” ಎಂದರು ಧುರಂಧರರು.

“ಊಟಕ್ಕೆ ಯಾರು ಕೂತ್ಕತ್ತಾರೆ ಬುದ್ಧಿ?” ಎಂದ ಸಣ್ಣಮೊಗಯ್ಯ.

ಎಲ್ಲರೂ ಲಲಿತಾಂಗರನ್ನು ನೋಡಿದರು. ಲಲಿತಾಂಗರು ಕಮಾನನ್ನು ನೋಡಿದರು. “ನಾನು ಒಂದನೇ ದರ್ಜೆ,” ಎಂದರು. “ಕೆಳಗೆ ಕೂರುವುದು ಕೆಳದರ್ಜೆಯವರು.”

“ಕಟ್ಟಿದೋರು ಕೂರ್ದೆ ಎಳೆಯೋ ಪದ್ಧತಿ ನಮ್ಮಲ್ಲಿಲ್ಲ ಸ್ವಾಮಿ. ಪಾಯಸ ಬೇರೆ ಆರೋಯ್ತಾ ಐತೆ.”

ಗುಂಪಿನಲ್ಲಿ ನಗೆ ಎದ್ದಿತು. ಧುರಂಧರರು ಸಾಮಾನ್ಯರಲ್ಲ, ಆ ನಗೆಯ ನಡುವೆಯೇ ದಾರಿ ಕಂಡುಕೊಂಡರು. ಗುತ್ತಿಗೆದಾರ ಎಂದರೆ ಯಾರು? ಪರವಾನಗಿ ಇದ್ದವನು. ಪರವಾನಗಿಯನ್ನು ತೆಗೆದರೆ ಅವನು ತಾಂಬೂಲದ ಪೆಟ್ಟಿಗೆಯವನು. ಆದ್ದರಿಂದ ನಿಜವಾಗಿ ಸೇತುವೆ ಕಟ್ಟಿದ್ದು ಪರವಾನಗಿಯೇ. ಅದೇ ಕೂರಲಿ.

ಕಮಾನಿನ ಅಡಿಯಲ್ಲಿ, ನೀರು ಸರಿದಿದ್ದ ಮರಳಿನ ಮೇಲೆ ಮಣೆ ಹಾಕಿ, ಬಂಗಾರದ ಕಟ್ಟಿನ ಪರವಾನಗಿಯನ್ನು ಕೂರಿಸಿದರು. ಮುಂದೆ ಬಾಳೆಎಲೆ. ನಿಂಗಾಜಮ್ಮ ಮಾಡಿ ತಂದಿದ್ದ ಗಸಗಸೆ ಪಾಯಸವನ್ನು ತಂದಿಟ್ಟರು.

“ಬಡಿಸಕ್ಕಾ ಬಡಿಸು,” ಎಂದ ಸಣ್ಣಮೊಗಯ್ಯ. “ಗಾಜಿನ ಮ್ಯಾಲೆ ಚೆಲ್ಬೇಡ, ಸರ್ಕಾರದ ಬಾಯಿ ಅಂಟಾಯ್ತದೆ.”

“ನೀನು ಸುಮ್ಕಿರು ಮೊಗಣ್ಣ,” ಎಂದಳು ನಿಂಗಾಜಮ್ಮ. ಅವಳಿಗೆ ನಗು ಬರಲಿಲ್ಲ. ಪಾಯಸ ಬಡಿಸಿ ಹಿಂದಕ್ಕೆ ಬಂದು, ಕಣ್ಣು ಮುಚ್ಚಿ, ತನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದಳು.

ಹಗ್ಗ ಎಳೆದರು. ಕಹಳೆ ಮೊಳಗಿತು. ಕಹಳೆ ನಿಂತ ಮೇಲೂ ಸದ್ದು ನಿಲ್ಲಲಿಲ್ಲ. ಧೂಳು ಇಳಿದಾಗ ಹೊಳೆಯ ತುಂಬ ಕಲ್ಲು.

“ಸದ್ಯ, ಕೆಳಗೆ ಯಾರೂ ಇರಲಿಲ್ಲ,” ಎಂದು ಜನ ಉಸಿರು ಬಿಟ್ಟರು.

“ಅಯ್ಯೋ, ಪರವಾನಗಿ!” ಎಂದು ಧುರಂಧರರು ಎದೆ ಬಡಿದುಕೊಂಡರು.

ವಿಚಾರಣೆ ಶಾಮಿಯಾನದಲ್ಲಿಯೇ ನಡೆಯಿತು.

“ಸೇತುವೆ ಕಟ್ಟಿದವರಿಗೆ ಪರವಾನಗಿ ಇತ್ತೇ?” ಎಂದರು ಮಹಾಪ್ರಭುಗಳು.

“ಇತ್ತು ಪ್ರಭು.”

“ಪರವಾನಗಿ ಇದ್ದವರು ಕಟ್ಟಿದ್ದು ಕುಸಿಯುತ್ತದೆಯೇ?”

“ಶಾಸನದ ಪ್ರಕಾರ ಕುಸಿಯತಕ್ಕದ್ದಲ್ಲ.”

“ಹಾಗಾದರೆ?”

“ಹಾಗಾದರೆ ಕುಸಿದಿಲ್ಲ ಪ್ರಭು.”

ಮಹಾಪ್ರಭುಗಳು ಹೊಳೆಯ ಕಡೆಗೆ ಬೆರಳು ತೋರಿಸಿದರು. “ಅದೇನು ಮತ್ತೆ?”

“ಕಲ್ಲು ಪ್ರಭು. ಹೊಳೆ ಅಂದಮೇಲೆ ಕಲ್ಲು ಇರುತ್ತದೆ.”

ಮಹಾಪ್ರಭುಗಳು ಪ್ರಸನ್ನರಾದರು. ಇದ್ದಲ್ಲಿಂದಲೇ ಸೇತುವೆಯನ್ನು ಉದ್ಘಾಟಿಸಿದರು. ಲಲಿತಾಂಗರಿಗೆ ‘ಸೇತುಸಾರ್ವಭೌಮ’ ಎಂಬ ಬಿರುದು, ಶಾಲು ಮತ್ತು ಪರವಾನಗಿಯ ನಕಲು ಪ್ರತಿ ದೊರೆಯಿತು. ಗಾಜು, ಬಂಗಾರದ ಕಟ್ಟು ಹಾಳಾದ ಖರ್ಚನ್ನು ಹಗ್ಗ ಎಳೆದವರ ಮೇಲೆ ಹಾಕಿದರು. ಸೇತುವೆ ಆದಮೇಲೆ ಸುಂಕದ ಕಟ್ಟೆ ಬೇಕಲ್ಲ. ಅದು ಭದ್ರವಾಗಿ ಎದ್ದಿತು. ಸೇತುವೆ ಇರುವಾಗ ಹರಿಗೋಲು ಬಿಡುವುದು ರಾಜ್ಯದ ಆದಾಯಕ್ಕೆ ದ್ರೋಹವೆಂದು ಹರಿಗೋಲನ್ನು ಬೋರಲು ಹಾಕಿ ಮೊಹರು ಒತ್ತಿದರು. ನೊರೆಹೊಳೆ ಸೇತುವೆ ಲೋಕಾರ್ಪಣೆಯಾಗಿದೆ ಎಂದು ಎರಡೂ ದಡದ ಊರೂರಿಗೆ ಡಂಗುರ ಹೋಯಿತು.

ಆ ದಡದ ಒಳನಾಡಿನಲ್ಲಿದ್ದ ಪುಟ್ಟಗೌರಿಯ ಗಂಡ ಡಂಗುರ ಕೇಳಿದ. ನಂಬಿದ. ಮೋಡ ಕಟ್ಟುತ್ತಿದ್ದ ಒಂದು ಬೆಳಿಗ್ಗೆ ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ತವರಿಗೆ ಹೊರಟ. ದಾರಿಯಲ್ಲೇ ನೋವು ಶುರುವಾಯಿತು. ಹೇಗೂ ಸೇತುವೆ ಇದೆಯಲ್ಲ, ಅತ್ತೆ ಕೈಗೆ ಸೇರಿಸಿಬಿಡೋಣ ಎಂದು ಎತ್ತುಗಳನ್ನು ಓಡಿಸಿಕೊಂಡು ದಡಕ್ಕೆ ಬಂದು ನೋಡುತ್ತಾನೆ, ಸೇತುವೆ ಇರಬೇಕಾದ ಕಡೆ ಆಕಾಶವಿತ್ತು.

ಅವನ ಕೂಗಿಗೆ ಈ ದಡದಲ್ಲಿ ನಿಂಗಾಜಮ್ಮ ಓಡಿ ಬಂದಳು, ಹಿಂದೆಯೇ ಸಣ್ಣಮೊಗಯ್ಯ, ಊರ ಹೆಂಗಸರು. ಸುಂಕದವನು ಅಡ್ಡಗೋಲು ಇಳಿಸಿದ.

“ಸುಂಕ, ಅಮ್ಮಾ.”

“ಸೇತುವೆ ಎಲ್ಲೈತಪ್ಪ ಸುಂಕ ಕೊಡಕ್ಕೆ?”

“ಕಡತದಲ್ಲಿದೆ.”

“ಹಂಗಾರೆ ನನ್ ಮಗಳ್ನೂ ಕಡತದ ಮ್ಯಾಲೇ ದಾಟಿಸ್ಬುಡು. ನಾ ಇಲ್ಲೇ ನಿಂತಿರ್ತೀನಿ.”

ಸುಂಕದವನು ವಿನಯವಂತ. ಅಂಥ ಸೌಲಭ್ಯ ಸದ್ಯಕ್ಕಿಲ್ಲ ಎಂದ. ನಿಂಗಾಜಮ್ಮ ಅಡ್ಡಗೋಲಿನ ಕೆಳಗೆ ನುಸುಳಿ, ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಅವಳ ಮುಂದೆ ಮುಂದೆ ಸಣ್ಣಮೊಗಯ್ಯ ಎದೆಮಟ್ಟ ನೀರಿನಲ್ಲಿ ನಿಂತು, ಬಿದ್ದ ಕಲ್ಲುಗಳನ್ನು ಹೊರಳಿಸಿ, ಒಂದರ ಮೇಲೊಂದು ಇಟ್ಟು ಅವಳಿಗೆ ಕಾಲಿಡಲು ದಾರಿ ಮಾಡಿದ. ಆ ಕಡೆಯಿಂದ ಅಳಿಯ ಪುಟ್ಟಗೌರಿಯನ್ನು ಹೊತ್ತುಕೊಂಡು ಬಂದ. ಹೊಳೆಯ ನಡುವೆ ಕಮಾನಿನ ದೊಡ್ಡ ತುಂಡೊಂದು ಅಂಗಾತ ಬಿದ್ದಿತ್ತು. ಅಲ್ಲಿಂದ ಮುಂದಕ್ಕೆ ಪುಟ್ಟಗೌರಿಯ ಕೈಲಿ ಆಗಲಿಲ್ಲ. ನೀರಿಗಿಳಿದು ಬಂದ ಹೆಂಗಸರು ಸೀರೆ ಸೆರಗು ಹಿಡಿದು ಮರೆ ಕಟ್ಟಿದರು. ಮೇಲೆ ಗುಡುಗು, ಕೆಳಗೆ ಏರುತ್ತಿದ್ದ ನೀರು.

ಒಂದನೇ ದರ್ಜೆಯ ಕಲ್ಲಿನ ಮೇಲೆ ನಿಂಗಾಜಮ್ಮನ ಕೈಗೆ ಮೊಮ್ಮಗು ಬಂತು. ಅಳಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಅಷ್ಟು ಹೊತ್ತೂ ಅಜ್ಜಿ ಅದರ ಬೆನ್ನು ತಟ್ಟುತ್ತಲೇ ಇದ್ದಳು. ಅತ್ತಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

ತಾಯಿಯನ್ನೂ ಮಗುವನ್ನೂ ಈ ದಡಕ್ಕೆ ತಂದಾಗ ಸುಂಕದವನು ಸಿದ್ಧನಾಗಿದ್ದ. ಸಣ್ಣಮೊಗಯ್ಯ ಕಲ್ಲಿನ ಮೇಲೆ ಕಲ್ಲು ಇಟ್ಟದ್ದನ್ನು ಕಣ್ಣಾರೆ ಕಂಡಿದ್ದ ಕಾರಣ, ಪರವಾನಗಿರಹಿತ ನಿರ್ಮಾಣಕ್ಕಾಗಿ ಅವನನ್ನು ಹಿಡಿದು ಕೂರಿಸಿದ. ಆಮೇಲೆ ತಲೆ ಎಣಿಸಿದ.

“ಮಗುವಿನದೂ ಕೊಡಬೇಕಮ್ಮಾ. ಅರ್ಧ ಸೇತುವೆಯಲ್ಲಿ ಹತ್ತಿಕೊಂಡಿದೆ, ಅರ್ಧ ಸುಂಕ ಸಾಕು. ಹೆಸರು ಹೇಳಿ, ರಶೀದಿ ಬರೆಯಬೇಕು.”

“ಇನ್ನೂ ಮೈ ಒರೆಸಿಲ್ಲ ಕಣಪ್ಪ. ಹೆಸರು ಎಲ್ಲಿಂದ ತರ್ಲಿ?”

“ಹೆಸರಿಲ್ಲದಿದ್ದರೆ ರಶೀದಿ ಇಲ್ಲ. ರಶೀದಿ ಇಲ್ಲದಿದ್ದರೆ ಅಡ್ಡಗೋಲು ಏಳುವುದಿಲ್ಲ.” ಮಳೆ ಹನಿಯತೊಡಗಿತ್ತು. ಸುಂಕದವನಿಗೂ ಹೆಂಡತಿ ಮಕ್ಕಳಿದ್ದರು, ಮನಸ್ಸು ಕರಗಿತು. ತಾನೇ ಒಂದು ಹೆಸರು ಬರೆದುಕೊಂಡ: ಲಲಿತಾಂಗ.

“ಹೆಣ್ಣು ಮಗ ಕಣಪ್ಪ ಅದು,” ಎಂದಳು ನಿಂಗಾಜಮ್ಮ, ಕಿವಿಯ ಓಲೆ ಬಿಚ್ಚಿಕೊಡುತ್ತಾ.

ಸುಂಕದವನು ಆಗಲೇ ಮೊಹರು ಒತ್ತಿಯಾಗಿತ್ತು. ಮೊಹರು ಒತ್ತಿದ್ದನ್ನು ತಿದ್ದುವಂತಿರಲಿಲ್ಲ. ಹುಡುಗಿ ಲಲಿತಾಂಗಮ್ಮ ಎಂದೇ ಬೆಳೆದಳು, ಮದುವೆಯಾದಳು, ಮುದುಕಿಯಾದಳು. ಹೊಳೆ ದಾಟುವಾಗೆಲ್ಲ ಮೊದಲು ಸುಂಕ ಕೊಟ್ಟು, ಆಮೇಲೆ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿಯುತ್ತಿದ್ದಳು.