ಮಾವನ ಮಂಡಿಗೆ ಆಯುಧಪೂಜೆ

ನನ್ನ ಸೋದರಮಾವನಿಗೆ ಮಂಡಿಗಳೇ ಇಲ್ಲ. ಇರುವುದು ಎರಡು ಬೇರಿಂಗು, ಅವೂ ಸವೆದವು. ಇದು ನನ್ನ ಮಾತಲ್ಲ. ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ಮೂವತ್ತು ವರ್ಷದಿಂದ ಕಬ್ಬಿಣ ಕಡೆಯುವ ಲೇತ್ ಮೆಷಿನ್ನಿನ ಮುಂದೆ ನಿಂತೇ ಇರುವ ಅವರದೇ ಹೇಳಿಕೆ.

ಚಳಿ ಶುರುವಾಯಿತೆಂದರೆ ಅವರ ಕೀಲುಗಳೆಲ್ಲ ಮುಷ್ಕರ ಹೂಡುತ್ತವೆ. ಚಳಿಯಲ್ಲಿ ಮೆಷಿನ್ನನ್ನು ಹತ್ತು ನಿಮಿಷ ಖಾಲಿ ಓಡಿಸಿ ಆಮೇಲೆ ಕೆಲಸ ಕೊಡಬೇಕೆಂಬುದು ಅವರ ಕಸುಬಿನ ನಿಯಮ. ಅದನ್ನೇ ತಮಗೂ ಅನ್ವಯಿಸಿಕೊಂಡು, ಬೆಳಿಗ್ಗೆ ಚಾಪೆಯ ಮೇಲೆ ಅಂಗಾತ ಮಲಗಿ ಗಾಳಿಯಲ್ಲಿ ಸೈಕಲ್ ತುಳಿಯುತ್ತಾರೆ. ಮಂಡಿಯ ಕಟಕಟ ಕೇಳಿ ಅತ್ತೆ ಅಡುಗೆಮನೆಯಿಂದಲೇ, "ಸೈಕಲ್ಲು ಎಲ್ಲಿಗಂಟ ಬಂತ್ರೀ? ಕಾಫಿ ಆರೋಯ್ತು" ಎನ್ನುತ್ತಾರೆ. ಸೈಕಲ್ಲು ಎಲ್ಲಿಗೂ ತಲುಪುವುದಿಲ್ಲ, ನೋವೂ ಎಲ್ಲಿಗೂ ಹೋಗುವುದಿಲ್ಲ.

ಈ ಸಲದ ಆಯುಧಪೂಜೆಯಲ್ಲಿ ಲೇತಿಗೆ ವಿಭೂತಿ ಬಳಿದು ಕುಂಕುಮ ಇಟ್ಟವರು, ಪ್ಯಾಂಟು ಮಡಚಿ ತಮ್ಮ ಎರಡೂ ಮಂಡಿಗೂ ಇಟ್ಟುಕೊಂಡರಂತೆ. "ಇವೂ ಮೆಷಿನ್ನೇ ತಾನೆ?" ಫಲವೇನಾಯಿತು ಅಂತೀರಾ? ದೀಪಾವಳಿಯ ಹೊತ್ತಿಗೆ ಬಲಮಂಡಿ ಊದಿಕೊಂಡಿತು.

ಅವರ ಮನೆಯಲ್ಲೇ ಇದ್ದು ಓದಿದ, ಈಗಲೂ ಅಲ್ಲೇ ಇರುವ ನಾನು ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಜೀವ. ಆ ಜಂಬದಲ್ಲೇ ಅವರನ್ನು ಡಾಕ್ಟರ ಬಳಿ ಎಳೆದೊಯ್ದೆ. ಡಾಕ್ಟರು ಎಕ್ಸ್‌ರೇ ನೋಡಿ, "ಸವೆದುಹೋಗಿದೆ" ಎಂದರು.

"ಎಷ್ಟು ಎಂಎಂ ಸಾರ್?" ಮಾವ ಕೇಳಿದರು.

"ಅದೆಲ್ಲ ಯಾಕೆ? ನಿಂತು ಮಾಡೋ ಕೆಲಸ ಬಿಟ್ಬಿಡಿ."

"ಕೂತ್ಕೊಂಡು ಲೇತ್ ಓಡ್ಸಕ್ಕಾಯ್ತದಾ ಸಾರ್?"

ಡಾಕ್ಟರು ನನ್ನ ಮುಖ ನೋಡಿದರು. ಡಿಗ್ರಿಯ ಜಂಬವನ್ನು ಎಕ್ಸ್‌ರೇ ಜೊತೆ ಕವರಿಗೆ ತುರುಕಿ ನಾನು ಎದ್ದೆ. ಹೊರಗೆ ಬಂದ ಮೇಲೆ ಮಾವ, "ಈ ಕೆಲ್ಸ ಬಿಟ್ರೆ ನಂಗೆ ಇನ್ನೇನ್ ಬರ್ತದೆ ಕಣಮ್ಮ?" ಎಂದರು.

ಡಿಸೆಂಬರಿನ ಒಂದು ಬೆಳಿಗ್ಗೆ ಆಫೀಸಿಗೆ ಹೊರಟವಳು ಬಸ್‌ಸ್ಟಾಪಿನಲ್ಲಿ ಅವರನ್ನು ಕಂಡೆ. ಅವರು ಮನೆ ಬಿಟ್ಟು ಗಂಟೆಯ ಮೇಲಾಗಿತ್ತು.

"ಬಸ್ ಬರ್ಲಿಲ್ವಾ ಮಾವ?"

"ಬಂದ್ವು. ಎಲ್ಲಾ ರಶ್ಶು."

ಅಷ್ಟರಲ್ಲಿ ಬಂದ ಬಸ್ಸು ಅರ್ಧ ಖಾಲಿಯಿತ್ತು. ಮಾವ ಬಾಗಿಲ ಕಂಬಿ ಹಿಡಿದು ಬಲಗಾಲು ಎತ್ತಲು ನೋಡಿದರು. ಅದು ಏಳಲಿಲ್ಲ. ಎಡಗಾಲು ಎತ್ತಲು ನೋಡಿದರು. ಅದೂ ಏಳಲಿಲ್ಲ. "ಬೇಗ ಹತ್ತಣ್ಣ" ಎಂದ ಕಂಡಕ್ಟರ್. ಮಾವ ಕಂಬಿ ಬಿಟ್ಟು ಹಿಂದೆ ಸರಿದರು.

"ನೀನ್ ಹೋಗಮ್ಮ, ನಿಂಗೆ ಲೇಟಾಯ್ತದೆ."

ಬಸ್ಸು ಹೋಯಿತು. ನಾನು ಹತ್ತಲಿಲ್ಲ. ಕಲ್ಲುಬೆಂಚಿನ ಮೇಲೆ ಅವರನ್ನು ಕೂರಿಸಿ, ಕಬ್ಬಿಣದಷ್ಟು ತಣ್ಣಗಿದ್ದ ಅವರ ಬೆರಳುಗಳನ್ನು ನನ್ನ ಅಂಗೈಗಳ ನಡುವೆ ಇಟ್ಟು ಉಜ್ಜತೊಡಗಿದೆ. ಯಾರಿಂದಲೂ ಆರೈಕೆ ಮಾಡಿಸಿಕೊಳ್ಳದ ಮನುಷ್ಯ, ಕೈ ಎಳೆದುಕೊಳ್ಳಲಿಲ್ಲ.